ಆರು ವರ್ಷದ ಕೂಸಿನ ಹಾಡಿಗೆ ಎಂಥ ಗ್ರೇಡು?

ಪ್ರಾಥಮಿಕ ಶಾಲೆಯ ಪ್ರಗತಿ ಪತ್ರ ತೆರೆದರೆ ಭಾಷೆ, ಗಣಿತ, ಪರಿಸರಗಳ ಕೆಳಗೆ ಒಂದು ಸಾಲು ಸಿಗುತ್ತದೆ: ಕಲಾ ಶಿಕ್ಷಣ. ಹಾಡು, ಕುಣಿತ, ನಾಟಕ, ಚಿತ್ರ ಎಲ್ಲವೂ ಆ ಒಂದು ಸಾಲಿನೊಳಗೆ. ಎದುರಿಗೆ ಒಂದು ಅಕ್ಷರ ಹಿಡಿಸುವಷ್ಟು ಜಾಗ. ಅಲ್ಲಿ ಏನು ಬರೆಯಬೇಕು, ಬರೆಯಲೇಬೇಕೇ ಎಂಬ ಬಗ್ಗೆ ಇಬ್ಬರ ಮಾತು ಇದು. ಗುರುಗಳು ಲಿಂಗಸುಗೂರು ಸೀಮೆಯವರು. ಮುಖ್ಯಗುರುಗಳಾಗಿ ನಿವೃತ್ತರಾದವರು, ಭಜನಾ ಮೇಳದಲ್ಲಿ ಹಾರ್ಮೋನಿಯಂ ನುಡಿಸುವವರು. ಅಕ್ಕೋರು ಸಿಂಧನೂರು ಕಡೆಯ, ವಲಸೆ ಬಂದವರು ನೆಲೆಸಿದ ಕ್ಯಾಂಪೊಂದರ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ನಲಿ-ಕಲಿ ತರಗತಿ ನಡೆಸುವವರು. ಮಸ್ಕಿ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆ ಮುಗಿದಿದೆ. ಶಾಮಿಯಾನ ಬಿಚ್ಚುತ್ತಿದ್ದಾರೆ. ಇಬ್ಬರೂ ತೀರ್ಪುಗಾರರ ಕುರ್ಚಿಯಿಂದ ಇನ್ನೂ ಎದ್ದಿಲ್ಲ.

ಗುರುಗಳು: ತಂಗಿ, ಆ ಕೆಂಪು ಲಂಗದ ಹುಡುಗಿಗೆ ಹತ್ತಕ್ಕ ಎಷ್ಟು ಹಾಕಿದಿ?

ಅಕ್ಕೋರು: ನಾಲ್ಕು ಹಾಕೀನಿ ಸರ್. ನಡುವ ಮರತು ನಿಂತ್ಲು. ಅಭಿನಯ ಗೀತೆ ಅಂದಮ್ಯಾಲ ಹಾಡೂ ಬೇಕು, ಅಭಿನಯಾನೂ ಬೇಕಲ್ರಿ.

ಗುರುಗಳು: ನಾ ಏಳು ಹಾಕೀನಿ. ಮರತು ನಿಂತದ್ದು ಖರೆ. ಆದ್ರ ಅಳಲಿಲ್ಲ, ಓಡಿ ಹೋಗಲಿಲ್ಲ. ಒಂದು ಗಳಿಗಿ ಸುಮ್ಮನ ನಿಂತು, ಮತ್ತ ಮೊದಲಿಂದ ಎತ್ತಿಕೊಂಡ್ಲು. ಇಷ್ಟು ಮಂದಿ ಮುಂದ ಏಳು ವರ್ಷದ ಕೂಸು ಹಂಗ ಎತ್ತಿಕೊಳ್ಳೋದು ಸಣ್ಣ ಮಾತಲ್ಲ.

ಅಕ್ಕೋರು: ನೋಡ್ರಿ, ಒಂದ ಕೂಸು, ಒಂದ ಹಾಡು. ನಿಮ್ದು ಏಳು, ನಂದು ನಾಲ್ಕು. ಏನು ನೋಡಬೇಕು ಅಂತ ನಾವಿಬ್ರೂ ಮೊದಲ ಮಾತಾಡಿಕೊಂಡಿದ್ರ ಹಿಂಗ ಆಗ್ತಿರಲಿಲ್ಲ.

ಗುರುಗಳು: ಮಾತಾಡಿಕೊಂಡಿದ್ರ ಇಬ್ರೂ ಕೂಡಿ ಐದೂವರೆ ಹಾಕ್ತಿದ್ವಿ. ಆ ಕೂಸಿಗೆ ಅದರಿಂದ ಏನು ಬಂತು? ಸ್ಪರ್ಧೆ ಬಿಡು, ವರ್ಷಕ್ಕೊಮ್ಮೆ ಬರ್ತೈತಿ, ಹೋಗ್ತೈತಿ. ನನ್ನ ಚಿಂತಿ ದಿನದ ತರಗತಿದು. ಒಂದು, ಎರಡು, ಮೂರನೆ ತರಗತಿ ಮಕ್ಕಳ ಹಾಡಿಗೆ, ಕುಣಿತಕ್ಕ ಗ್ರೇಡ್ ಯಾಕ ಬೇಕು?

ಅಕ್ಕೋರು: ಗ್ರೇಡ್ ಇಲ್ಲದ್ದಕ್ಕ ನಮ್ಮ ಕಡೆ ಪೀರಿಯಡ್ಡೂ ಇಲ್ಲ ಸರ್, ಅದಕ್ಕ ಬೇಕು. 2021ರಾಗ ನಿಪುಣ್ ಭಾರತ್ ಬಂತು. ಮೂರನೆ ತರಗತಿ ಮುಗಿಯೋದ್ರಾಗ ಎಲ್ಲಾ ಮಕ್ಕಳಿಗೂ ಓದು, ಬರಹ, ಲೆಕ್ಕ ಬರಬೇಕು ಅಂತ 2026-27ರ ಗಡುವು ಹಾಕಿದ್ರು. ಗುರಿ ಬಗ್ಗೆ ನಂದೇನೂ ತಕರಾರಿಲ್ಲ, ನಮ್ಮ ಮಕ್ಕಳಿಗೆ ಓದು ಬರಲೇಬೇಕು. ಆದ್ರ ನಮ್ಮ ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಾಗ ಇರೋ ಜಿಲ್ಲಾ. ಶಾಲಿಗೆ ಬಂದವರೆಲ್ಲ ಕೇಳೋದು ಒಂದ: ಎಷ್ಟು ಮಕ್ಕಳು ಓದ್ತಾರ? ಎಷ್ಟು ಮಕ್ಕಳು ಹಾಡ್ತಾರ ಅಂತ ಇಲ್ಲೀತನಕ ಒಬ್ರೂ ನನ್ನ ಕೇಳಿಲ್ಲ. ಯಾರೂ ಕೇಳಲಾರದ್ದು ವೇಳಾಪಟ್ಟಿಯಾಗ ಉಳಿಯಂಗಿಲ್ಲ.

ಗುರುಗಳು: ನಲಿ-ಕಲಿ ಅಂದ್ರ ಹಾಡ ಅಲ್ಲೇನು? 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲೂಕಿನ್ಯಾಗ ಶುರುವಾದದ್ದು, 2009-10ಕ್ಕ ರಾಜ್ಯಕ್ಕೆಲ್ಲ ಬಂತು. ನಾ ಆವಾಗ ಇನ್ನೂ ನೌಕರಿಯಾಗಿದ್ದೆ. ಹಾಡಿಲ್ಲದ ಒಂದು ಮೈಲಿಗಲ್ಲೂ ಮಕ್ಕಳು ದಾಟ್ತಿರಲಿಲ್ಲ.

ಅಕ್ಕೋರು: ಹಾಡು ಐತ್ರಿ, ಆಳಾಗಿ ಐತಿ. ಅಕ್ಷರ ಕಲಿಸಾಕ ಹಾಡು, ಮಗ್ಗಿ ಕಲಿಸಾಕ ಹಾಡು, ಕೈ ತೊಳಿಯೋದು ಕಲಿಸಾಕ ಹಾಡು. ಆ ಹಾಡಿನಿಂದ ಕೂಸಿಗೆ ಒಂದು ಅಕ್ಷರ ಬಂತು ಅಂದ್ರ ಪ್ರಗತಿ ನೋಟದಾಗ ಗುರುತು ಹಾಕ್ತೀನಿ. ಅದ ಹಾಡಿನ್ಯಾಗ ಅದ ಕೂಸು ಮೊದಲನೆ ಸಲ ಕೊನೀತನಕ ತಾಳ ಬಿಡದ ಚಪ್ಪಾಳಿ ಹೊಡೀತು ಅಂದ್ರ, ಅದನ್ನ ಬರಿಯಾಕ ಜಾಗ ಇಲ್ಲ. ಹಾಡನ್ನ ಹಾಡಾಗಿ ನೋಡೋ ಒಂದು ಸಾಲು ಬೇಕು ಅಂತೀನಿ.

ಗುರುಗಳು: ಸಾಲು ಕೊಟ್ರ ಏನಾಗ್ತೈತಿ ಅಂತ ನಾ ಕಂಡೀನಿ. 2010ರ ಏಪ್ರಿಲ್ ಒಂದರಿಂದ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ ಹಿಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು. ಉದ್ದೇಶ ಬಹಳ ದೊಡ್ಡದು ತಂಗಿ. ಪರೀಕ್ಷೆ ಭಯ ಹೋಗಬೇಕು, ಕೂಸನ್ನ ಎಲ್ಲಾ ಕಡಿಂದ ನೋಡಬೇಕು. ಕೈಗೆ ಬಂದದ್ದು ಫೈಲು. ರೂಪಣಾತ್ಮಕ ಅಂತ ಎಫ್.ಎ. ಒಂದು, ಎರಡು, ಮೂರು, ನಾಲ್ಕು, ನಡುವ ಸಂಕಲನಾತ್ಮಕ ಅಂತ ಎಸ್.ಎ. ವರ್ಷದ ಕೊನಿಗೆ ಒಂದ ಸಂಜಿ ಕೂತು ಇಡೀ ವರ್ಷದ ಕಲಾ ಶಿಕ್ಷಣದ ಕಾಲಂ ತುಂಬಿದ್ದನ್ನ ನೋಡೀನಿ. ಎಲ್ಲರಿಗೂ ಎ.

ಅಕ್ಕೋರು: ಎಲ್ಲರಿಗೂ ಎ ಅಂದ್ರ ಸುಳ್ಳು ಬರದಂಗ ಆಗಲಿಲ್ಲೇನ್ರಿ?

ಗುರುಗಳು: ಕೂತು ನೋಡದ ಬರದದ್ದು ತಪ್ಪು. ಆದ್ರ ಬರದ ಅಕ್ಷರ ತಪ್ಪಲ್ಲ. ಆರು ವರ್ಷದ ಕೂಸು ಬಾಯಿ ತೆರೆದು ಹಾಡ್ತು ಅಂದ್ರ ಅದಕ್ಕ ಎ ಬಿಟ್ಟು ಮತ್ತೇನು ಕೊಡಾಕ ಬರ್ತೈತಿ? ಆ ವಯಸ್ಸಿನ್ಯಾಗ ಧ್ವನಿ ಇನ್ನೂ ನಿಂತಿರಂಗಿಲ್ಲ. ಇವತ್ತು ಶ್ರುತಿಗೆ ಕೂಡಲಾರದ ಕೂಸು ಮೂರು ವರ್ಷ ಬಿಟ್ಟು ತಾನಾಗಿ ಕೂಡ್ತೈತಿ, ಎಷ್ಟೋ ಮಕ್ಕಳನ್ನ ನೋಡೀನಿ. ನಡುವ ಯಾರೋ ಒಬ್ರು, "ನಿನಗ ಧ್ವನಿ ಇಲ್ಲ, ಹಿಂದಿನ ಸಾಲಿಗೆ ನಿಲ್ಲು, ಬರೇ ಬಾಯಿ ಆಡಿಸು" ಅಂದುಬಿಟ್ರ ಮುಗೀತು. ನಮ್ಮೂರಾಗ ಅರವತ್ತು ದಾಟಿದ ಹೆಣ್ಣುಮಗಳೊಬ್ಬಾಕಿ ಅದಾಳ. ಮೊಮ್ಮಗಳ ಮದುವ್ಯಾಗ ಸೋಬಾನ ಹೇಳಬೇ ಅಂದ್ರ, "ನನಗ ಬರಂಗಿಲ್ಲ ಅಂತ ಸಾಲ್ಯಾಗ ಹೇಳ್ಯಾರ" ಅಂದ್ಲು. ಐವತ್ತು ವರ್ಷದ ಹಿಂದಿನ ಮಾತದು! ಮಾಸ್ತರ ಬರದ ಗ್ರೇಡು ಮಸ್ಕಿ ಗುಡ್ಡದ ಮ್ಯಾಲಿನ ಅಶೋಕನ ಶಾಸನ ಇದ್ದಂಗ. ಕಾಗದ ಹರಿದು ಹೋದ್ರೂ ಕೂಸಿನ ಮನಸಿನ್ಯಾಗ ಅಳಿಯಂಗಿಲ್ಲ.

ಅಕ್ಕೋರು: ಆಕಿಗೆ ಹೇಳಿದ್ದು ಮೌಲ್ಯಮಾಪನ ಅಲ್ರಿ, ತೀರ್ಪು. ನಾನೂ ಕಂಠ ಅಳಿಯೋದು ಬ್ಯಾಡ ಅಂತೀನಿ. ಕಂಠ ಬಿಟ್ಟು ನೋಡೋದು ಬಹಳ ಐತಿ. ಪಕ್ಕದ ಕೂಸಿನ ಧ್ವನಿ ಕೇಳಿ ತನ್ನ ಧ್ವನಿ ಇಳಿಸ್ತದೋ ಇಲ್ಲೋ. ತನ್ನ ಸರದಿ ಬರೋತನಕ ಕಾಯ್ತದೋ ಇಲ್ಲೋ. ಹುಲಿ ಪಾತ್ರ ಮಾಡುವಾಗ ಹುಲಿಯಾಗಿ ನಡೀತದೋ, ನನ್ನ ಮುಖ ನೋಡಿ ನಡೀತದೋ. ಒಂದು ಹಾಡಿಗೆ ತನ್ನದ ಒಂದು ಸಾಲು ಕೂಡಸ್ತದೋ. ನನ್ನ ತರಗತ್ಯಾಗ ಆದ ಒಂದು ಸಂಗತಿ ಹೇಳ್ತೀನಿ, ಕೇಳ್ರಿ. ಒಬ್ಬಾಕಿ ಇದ್ಲು, ಎರಡನೆ ತರಗತಿ. ಅಭಿನಯ ಎಲ್ಲಾ ಮಾಡಾಕಿ, ಆದ್ರ ಪ್ರತಿ ಸಲ ಒಂದು ಹೆಜ್ಜಿ ತಡ. ಎಲ್ರೂ ಕೈ ಕೆಳಗ ಇಳಿಸುವಾಗ ಈಕಿದು ಮ್ಯಾಲ. ಮಂದ ಅದಾಳ ಅಂತ ಮನ್ಯಾಗೂ ಅಂತಿದ್ರು. ನಾನು ವಾರವಾರ ಯಾರು ತಾಳಕ್ಕ ಕೂಡ್ತಾರ, ಯಾರು ಕೂಡಂಗಿಲ್ಲ ಅಂತ ಒಂದು ನೋಟ್‌ಬುಕ್ಕಿನ್ಯಾಗ ಬರಕೊಂತ ಬಂದಿದ್ದೆ. ಆಕಿ ಹೆಸರಿನ ಮುಂದ ಒಂದ ಮಾತು ಮತ್ತ ಮತ್ತ ಬಂದದ್ದು ನೋಡಿ, ಎಲ್ಲಾ ಮಕ್ಕಳಿಗೂ ಕಣ್ಣು ಮುಚ್ಚಿ ಹಾಡೋ ಆಟ ಆಡಿಸಿದೆ. ಆಕಿ ನಿಂತುಬಿಟ್ಲು. ಅಲ್ಲೀತನಕ ಮುಂದಿನಾಕೀನ ನೋಡಿ ಮಾಡ್ತಿದ್ಲು, ಹಾಡು ಕೇಳಿ ಅಲ್ಲ. ಎರಡೂ ಕಿವಿ ಸೋರ್ತಿದ್ವು. ಶಾಲಿ ಮಕ್ಕಳ ಆರೋಗ್ಯ ತಪಾಸಣೆಗೆ ಆರ್‌ಬಿಎಸ್‌ಕೆ ತಂಡ ಬಂದಾಗ ತೋರಿಸಿ, ದೊಡ್ಡಾಸ್ಪತ್ರಿಗೆ ಕಳಿಸಿದ್ವಿ. ಕನ್ನಡ ಪಾಠದಾಗ, ಲೆಕ್ಕದಾಗ ಗೊತ್ತಾಗಲಾರದ್ದು ಹಾಡಿನ್ಯಾಗ ಗೊತ್ತಾತು.

ಗುರುಗಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದರು.

ಗುರುಗಳು: ಆ ಕೂಸಿಗೆ ಆ ಸಲ ಗ್ರೇಡ್ ಏನು ಕೊಟ್ಟಿ?

ಅಕ್ಕೋರು: ಬಿ ಕೊಟ್ಟೆ.

ಗುರುಗಳು: ನೋಡು! ಆ ಬಿ ಅನ್ನೋ ಅಕ್ಷರದಾಗ ಆಕಿ ಕಿವಿ ಇಲ್ಲ, ಮುಂದಿನಾಕೀನ ನೋಡಿ ಕಲತ ಜಾಣತನ ಇಲ್ಲ, ನೀ ಆಡಿಸಿದ ಆಟ ಇಲ್ಲ. ಕೂಸನ್ನ ಉಳಿಸಿದ್ದು ನಿನ್ನ ನೋಟ್‌ಬುಕ್ಕು, ಗ್ರೇಡಲ್ಲ. ನಾ ಹೇಳೋದೂ ಅದ. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಪಂಚಾಕ್ಷರಿ ಗವಾಯಿಗಳು, ಅವರ ಹಿಂದ ಪುಟ್ಟರಾಜ ಗವಾಯಿಗಳು ಎಷ್ಟು ಮಕ್ಕಳಿಗೆ ಸಂಗೀತ ಕೊಟ್ರು. ಗುರುವಿಗೂ ಕಣ್ಣಿಲ್ಲ, ಎಷ್ಟೋ ಶಿಷ್ಯರಿಗೂ ಕಣ್ಣಿಲ್ಲ. ಎಲ್ಲ ಕಿವಿಯಿಂದ ಕಿವಿಗೆ. ಸ್ವರ ತಪ್ಪಿತು ಅಂದ್ರ ಆವಾಗಿಂದಾವಾಗ ತಿದ್ದಿದ್ರು, ಅದು ಅಲ್ಲಿಗೆ ಮುಗೀತು.

ಅಕ್ಕೋರು: ಅವರಷ್ಟು ಮೌಲ್ಯಮಾಪನ ಮಾಡಿದೋರು ಯಾರದಾರ ಸರ್? ಗಳಿಗಿ ಗಳಿಗಿಗೂ ಮಾಡಿದ್ರು. ಈ ಕೂಸಿಗೆ ತಬಲಾ ಹೊಂದ್ತೈತಿ, ಆ ಕೂಸಿಗೆ ಗಾಯನ ಅಂತ ಕೇಳಿ ಕೇಳಿ ಗುರುತಿಸಿದ್ರು. ಆದ್ರ ಆಶ್ರಮದಾಗ ಕಿವಿ ಪಳಗಿದ ಗುರುಗಳಿದ್ರು. ನಮ್ಮ ಕಿರಿಯ ಪ್ರಾಥಮಿಕ ಶಾಲಿಯೊಳಗ ಯಾರದಾರ? ಸಂಗೀತ ಮಾಸ್ತರ ಇಲ್ಲ, ನಾಟಕ ಮಾಸ್ತರ ಇಲ್ಲ. ಒಂದು ಡ್ರಮ್ ಐತಿ, ಅದೂ ಕವಾಯತಿಗೆ. ರಾಯಚೂರಿನ ರಂಗಮಂದಿರಕ್ಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿಟ್ಟೀವಿ. ವಿಜಯದಾಸರು, ಜಗನ್ನಾಥದಾಸರು, ನಿಮ್ಮ ಲಿಂಗಸುಗೂರಿನ ಪ್ರಾಣೇಶದಾಸರು ಎಲ್ಲ ಇದ ಜಿಲ್ಲಾದವರು. ತತ್ವಪದ ಹಾಡಲಾರದ ಊರಿಲ್ಲ. ಇಂಥ ಜಿಲ್ಲಾದ ಶಾಲ್ಯಾಗ ಒಂದನೆ ತರಗತಿಗೆ ಹಾಡು ಕಲಿಸಾಕ ಯಾರೂ ಇಲ್ಲ ಅಂತ ಮ್ಯಾಲಿನವರಿಗೆ ತೋರಿಸೋದು ಹೆಂಗ? ಬರವಣಿಗಿ ಇಲ್ಲದ ತೋರಿಸಾಕ ಆಗಂಗಿಲ್ಲ.

ಗುರುಗಳು: ಅದಕ್ಕ ಶಾಲಿ ನೋಡಲಿ, ಕೂಸನ್ನ ಯಾಕ?

ಅಕ್ಕೋರು: ಹಂಗ ಮಾಡಿದ ದೇಶ ಒಂದಿತ್ತು. ನ್ಯೂಜಿಲೆಂಡಿನ್ಯಾಗ 1995ರಿಂದ 2010ರ ತನಕ ಒಂದು ರಾಷ್ಟ್ರೀಯ ಯೋಜನೆ ನಡೀತು. ಶಾಲಿಗೆ ಸೇರಿದ ನಾಲ್ಕನೆ ವರ್ಷದ ಮಕ್ಕಳು, ಎಂಟನೆ ವರ್ಷದ ಮಕ್ಕಳು. ಎಲ್ಲರನ್ನೂ ಅಲ್ಲ, ದೇಶದಾಗಿಂದ ಸ್ವಲ್ಪ ಮಕ್ಕಳನ್ನ ಆರಿಸಿ, ತರಬೇತಿ ಆದ ಶಿಕ್ಷಕರ ಜೊತಿ ಕೂಡಿಸಿ, ಕೆಲವು ಚಟುವಟಿಕೆ ಕೊಟ್ಟು, ವಿಡಿಯೋ ಮಾಡಿ ನೋಡೋರು. ಗಣಿತ, ವಿಜ್ಞಾನದ ಜೊತಿಗೆ ಸಂಗೀತಕ್ಕೂ ನಾಲ್ಕು ವರ್ಷಕ್ಕೊಮ್ಮೆ ಸರದಿ. ಯಾವ ಕೂಸಿನ ಹೆಸರಿಗೂ ಫಲಿತಾಂಶ ಇಲ್ಲ. ದೇಶದ ಮಕ್ಕಳಿಗೆ ಏನು ಬರ್ತೈತಿ, ಏನು ಬರಂಗಿಲ್ಲ ಅಂತ ವರದಿ.

ಗುರುಗಳು: ಇದು ನನಗ ಒಪ್ಪಿಗಿ. ಇದನ್ನ ಮೊದಲ ಹೇಳಬೇಕಿತ್ತು ನೀ.

ಅಕ್ಕೋರು: ನಿಮಗ ಒಪ್ಪಿಗಿ, ನನಗ ಅಷ್ಟು ಸಾಲಂಗಿಲ್ಲ. ಅದರಿಂದ ಸರಕಾರಕ್ಕ ತಿಳೀತೈತಿ. ಕಿವಿ ಸೋರೋ ಹುಡುಗಿ ನನ್ನ ಮುಂದ ಕೂತಾಳ, ಆಕೀದು ನನಗ ತಿಳೀಬೇಕು.

ಗುರುಗಳು: ಸರಿ, ತಿಳಕೋ. ಆದ್ರ ಯಾವ ಕಿವಿಯಿಂದ ಕೇಳ್ತಿ? ಇವತ್ತು ನಮಗ ಕೊಟ್ಟ ಹಾಳಿಯಾಗ ರಾಗ, ತಾಳ, ಭಾವ, ವೇಷ ಅಂತ ಇತ್ತು. ರೇಡಿಯೋದಾಗ ಬರೋ ಭಾವಗೀತೆ ಧಾಟಿಗೆ ಅದು ಹೊಂದ್ತೈತಿ. ತಾಂಡಾದ ಹುಡುಗಿ ಒಬ್ಬಾಕಿನ ನಿಲ್ಲಿಸಿ ಹಾಡು ಅಂದ್ರ ಆಕಿಗೆ ಹಾಡ ಬರಂಗಿಲ್ಲ. ಲಂಬಾಣಿ ಹಾಡು ಒಬ್ಬರದಲ್ಲ, ಸುತ್ತುಗಟ್ಟಿ ಹೆಜ್ಜಿ ಹಾಕೋ ಎಲ್ಲರದು. ಮುದಗಲ್ಲಿನ ಮೊಹರಂ ನೋಡು. ಅಲಾಯಿ ಕುಣಿ ಸುತ್ತ ಹಿಂದೂ ಮುಸಲ್ಮಾನ ಅನ್ನಲಾರದ ಎಲ್ಲಾರೂ ಹೆಜ್ಜಿ ಹಾಕ್ತಾರ. ಆರು ವರ್ಷದ ಹುಡುಗ ಅಪ್ಪನ ಹಿಂದ ಸಾಲಿಗೆ ನಿಂದರ್ತಾನ. ಮೊದಲ ರಾತ್ರಿ ಎಡವ್ತಾನ, ಹಬ್ಬ ಮುಗಿಯೋದ್ರಾಗ ಹೆಜ್ಜಿ ಕೂಡಿರ್ತೈತಿ. ಅಲ್ಲಿ ಯಾರು ಗ್ರೇಡ್ ಹಾಕ್ಯಾರ? ಆ ಸಾಲ ಅವನ್ನ ತಿದ್ದತೈತಿ.

ಅಕ್ಕೋರು: ಆ ಸಾಲಿನ್ಯಾಗ ಹೆಣ್ಣುಮಕ್ಕಳು ಎಷ್ಟು ಮಂದಿ ಇರ್ತಾರ್ರಿ? ಊರು ಕಲಿಸ್ತೈತಿ, ಖರೆ. ಯಾರಿಗೆ ಕಲಿಸ್ತೈತಿ, ಯಾರನ್ನ ಬಿಡ್ತೈತಿ ಅನ್ನೋದೂ ಐತಲ್ಲ. ನಮ್ಮ ಶಾಲಿಗೆ ಬರ್ರಿ. ಬಾಂಗ್ಲಾ ಕ್ಯಾಂಪಿನಿಂದ ಬರೋ ಹುಡುಗ ಮನ್ಯಾಗ ಬಂಗಾಳಿ ಕೀರ್ತನ ಕೇಳಿ ಬೆಳದಾನ. ಆಂಧ್ರ ಕ್ಯಾಂಪಿನ ಹುಡುಗಿಗೆ ಕೋಲಾಟ ಬರ್ತೈತಿ. ಮಾತು ಬ್ಯಾರೆ ಬ್ಯಾರೆ, ಧಾಟಿ ಬ್ಯಾರೆ ಬ್ಯಾರೆ. ಅವರೆಲ್ಲ ಒಬ್ಬರ ಹಾಡು ಇನ್ನೊಬ್ಬರು ಕಲಿಯೋ ಜಾಗ ಸಿಂಧನೂರು ತಾಲೂಕಿನ್ಯಾಗ ಸರಕಾರಿ ಶಾಲಿಯೊಂದ. ಅದಕ್ಕ ನಾನು ನೋಡೋದು ಯಾರು ಚಂದ ಹಾಡ್ತಾರ ಅಂತ ಅಲ್ಲ. ಜೂನಿನ್ಯಾಗ ತನ್ನ ಮನಿ ಹಾಡು ಒಂದ ಗೊತ್ತಿದ್ದ ಕೂಸಿಗೆ ಸಂಕ್ರಾಂತಿ ಹೊತ್ತಿಗೆ ಇನ್ನೊಬ್ಬರ ಮನಿ ಹಾಡು ಎಷ್ಟು ಬಂತು ಅಂತ.

ಗುರುಗಳು: ಸಂಕ್ರಾಂತಿತನಕ ಕೂಸು ಇರಬೇಕಲ್ಲ. ನಿಮ್ಮ ಕಡೆ ಕಾಲುವಿ ನೀರು ಐತಿ. ಮಸ್ಕಿ, ಲಿಂಗಸುಗೂರು ಕಡೆ ಒಣಬೇಸಾಯದ ಊರಿಗೆ ಬಾ. ಸುಗ್ಗಿ ಮುಗೀತು ಅಂದ್ರ ಅಪ್ಪ, ಅವ್ವ, ಕೂಸು ಎಲ್ಲ ಗುಳೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕ ಹೋದ ಕೂಸಿನ ಕಾಲಂನ್ಯಾಗ ನೀ ಏನು ಬರೀತಿ? ಗೈರುಹಾಜರಿ ಅಂತ. ತಿರುಗಿ ಬರುವಾಗ ಆ ಕೂಸು ನಾಲ್ಕು ಹೊಸ ಹಾಡು ಹೊತ್ತು ತಂದಿರ್ತೈತಿ. ನಿನ್ನ ಲೆಕ್ಕದಾಗ ಅದು ಹಿಂದ ಬಿದ್ದೈತಿ.

ಅಕ್ಕೋರು: ಅದು ಖರೆ. ಆ ಮಾತಿಗೆ ನನ್ನ ಹತ್ರ ಎದುರುತ್ತರ ಇಲ್ಲ. ಆದ್ರ ಬರೆಯೋದು ಬಿಟ್ರ ಆ ಕೂಸಿನ ನಾಲ್ಕು ಹಾಡೂ ಯಾರ ಕಿವಿಗೂ ಬೀಳಂಗಿಲ್ಲ.

ಗುರುಗಳು: ಊರಿನ ಕಲಾವಿದರನ್ನ ಶಾಲಿಗೆ ಕರಿ ಅಂತ ನಾ ಮೊದಲಿಂದ ಹೇಳ್ತೀನಿ. ಶನಿವಾರ ಮುಂಜಾನೆ ನಮ್ಮ ಭಜನಾ ಮೇಳ ಬರ್ತೈತಿ, ಪುಕ್ಕಟೆ ಬರ್ತೈತಿ. ಮಕ್ಕಳು ಕೇಳ್ತಾರ, ತಾಳ ಹಾಕ್ತಾರ. ಕೇಳಿದ ಕಿವಿಗೆ ಗ್ರೇಡ್ ಬೇಕಿಲ್ಲ.

ಅಕ್ಕೋರು: ಸಿಟ್ಟಾಗಬ್ಯಾಡ್ರಿ, ಒಂದು ಕೇಳ್ತೀನಿ. ನೀವು ಮುಖ್ಯಗುರುಗಳಾಗಿದ್ದಾಗ ಹಾರ್ಮೋನಿಯಂ, ತಬಲಾ ಶಾಲಿ ಒಳಗ ಬಂದಾವು. ಹಲಗಿ ಬಂದಿತ್ತೇನ್ರಿ? ಚೌಡಿಕಿ ನುಡಿಸೋ ಜೋಗತಿ ಬಂದಿದ್ಲೇನು?

ಗುರುಗಳು: ...ಹಲಗಿ ಬಂದಿತ್ತು. ಮೆರವಣಿಗಿಗೆ.

ಅಕ್ಕೋರು: ಗೇಟಿನ ಹೊರಗ.

ಗುರುಗಳು: ಗೇಟಿನ ಹೊರಗ. ನೀ ಕೇಳಿದ್ದು ಸರಿ ಐತಿ. ಆವಾಗ ಯಾರೂ ಹಂಗ ಕೇಳಲಿಲ್ಲ. ಆದ್ರ ನೀ ಕೇಳಿದ ಮ್ಯಾಲ ನಾ ಒಂದು ಕೇಳ್ತೀನಿ, ನಿನ್ನ ನೋಟ್‌ಬುಕ್ಕಿನ ಬಗ್ಗೆನ. ನಿನ್ನ ತರಗತ್ಯಾಗ ಒಬ್ಬ ಹುಡುಗ ಅದಾನ ಅನ್ನು. ಅವರಪ್ಪ, ಅವರಜ್ಜ ಹಲಗಿ ಬಡದವರು. ಹುಡುಗನ ಕೈಯಾಗ ತಾಳ ಹುಟ್ಟಿನಿಂದ ಐತಿ. ನೀ ಪ್ರಾಮಾಣಿಕವಾಗಿ ಬರೀತಿ: ತಾಳಜ್ಞಾನ ಅತ್ಯುತ್ತಮ, ಹಲಗಿ ಚಂದ ನುಡಿಸ್ತಾನ. ನೀ ವರ್ಗ ಆಗಿ ಹೋಗ್ತಿ. ಹೊಸ ಮಾಸ್ತರ ಬರ್ತಾನ, ನಿನ್ನ ಬರಹ ಓದ್ತಾನ. ಆಗಸ್ಟ್ 15 ಬರ್ತೈತಿ. ಎಲ್ಲಾ ಮಕ್ಕಳು ಇಸ್ತ್ರಿ ಅಂಗಿ ಹಾಕ್ಕೊಂಡು ಸಾಲಿನ್ಯಾಗ ನಡೀತಾರ, ಈ ಹುಡುಗ ಮುಂದ ಹಲಗಿ ಬಡಕೊಂತ ಹೋಗ್ತಾನ. ಮರು ವರ್ಷಾನೂ ಹಂಗ. ಯಾವ ಕೆಲಸದಿಂದ ಹೊರಗ ಬರಲಿ ಅಂತ ಅವರಪ್ಪ ಅವನ್ನ ಶಾಲಿಗೆ ಕಳಿಸಿದ್ನೋ, ಶಾಲಿ ನಿನ್ನ ಅಕ್ಷರದ ಮ್ಯಾಲ ಅವನ್ನ ಅದಕ್ಕ ಹಚ್ತು. ನೀ ಒಳ್ಳೇದ ಬರದಿದ್ದಿ. ಆದ್ರೂ ಹಿಂಗಾತು.

ಅಕ್ಕೋರು ಕೈಯಲ್ಲಿದ್ದ ಅಂಕದ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟರು. ಉತ್ತರ ಬರಲು ಹೊತ್ತು ಹಿಡಿಯಿತು.

ಅಕ್ಕೋರು: ಹಂಗಾದ್ರ ಎಲ್ಲಾ ಮಕ್ಕಳಿಗೂ ಹಲಗಿ ಕಲಿಸಬೇಕು ಸರ್. ಗೌಡರ ಮಗ, ನನ್ನ ಮಗ, ಎಲ್ಲರೂ ಬಡೀಲಿ. ಆ ಹುಡುಗನ ಅಪ್ಪ ಗೌರವಧನ ತಗೊಂಡು ತರಗತಿ ಒಳಗ ಬಂದು ಕುರ್ಚಿ ಮ್ಯಾಲ ಕೂತು ಕಲಿಸ್ಲಿ. ಆ ಹುಡುಗ ಹಾರ್ಮೋನಿಯಂ ಮುಟ್ಟಲಿ. ಆಮ್ಯಾಲ ಬರೆಯೋಣ.

ಗುರುಗಳು: ಆಮ್ಯಾಲ ಅಂದಿ ನೋಡು. ಮೊದಲ ಕಲಿಸೋದು, ಆಮ್ಯಾಲ ಬರೆಯೋದು. ನಾವು ಕಲಿಸದ ಬರಿಯಾಕ ಹತ್ತೀವಿ. ಬಿ.ವಿ. ಕಾರಂತರು ಟ್ಯಾಗೋರರ ಕತಿ ತಗೊಂಡು 'ಪಂಜರ ಶಾಲೆ' ಅಂತ ಮಕ್ಕಳ ನಾಟಕ ಮಾಡಿದ್ರು, ಗೊತ್ತಲ್ಲ? ಗಿಳಿಗೆ ವಿದ್ಯೆ ಕಲಿಸ್ತೀವಂತ ಬಂಗಾರದ ಪಂಜರ ಮಾಡಿಸ್ತಾರ, ಪುಸ್ತಕದ ಹಾಳಿ ಬಾಯಿಗೆ ತುರುಕ್ತಾರ, ಗಿಳಿ ಸಾಯ್ತೈತಿ. ಹಾಡಿಗೆ ಕಾಲಂ, ಕುಣಿತಕ್ಕ ಕಾಲಂ, ಫೋಟೋ ಅಪ್‌ಲೋಡು. ಇದೂ ಒಂದು ಪಂಜರ ಆಗ್ತೈತಿ ಅಂತ ನನ್ನ ಭಯ.

ಅಕ್ಕೋರು: ಆ ಕತಿಯಾಗ ಇನ್ನೊಂದು ಮಾತು ಬರ್ತೈತ್ರಿ. ರಾಜ ಶಾಲಿ ನೋಡಾಕ ಬರ್ತಾನ. ಪಂಜರ ನೋಡ್ತಾನ, ಪಂಡಿತರನ್ನ ನೋಡ್ತಾನ, ವ್ಯವಸ್ಥಾ ನೋಡಿ ಖುಷಿಯಾಗಿ ಹೊರಡ್ತಾನ. ಪೊದೆ ಹಿಂದ ಕುಂತ ಟೀಕಾಕಾರ ಒಬ್ಬ ಕೇಳ್ತಾನ: ಮಹಾರಾಜರು ಹಕ್ಕೀನ ನೋಡಿದ್ರೇನು? ಮೌಲ್ಯಮಾಪನ ಅಂದ್ರ ನನಗ ಆ ಪ್ರಶ್ನೆ ಸರ್. ಹಕ್ಕೀನ ನೋಡ್ರಿ ಅಂತ.

ಗುರುಗಳು: ನೋಡು. ದಿನಾ ನೋಡು. ಎ, ಬಿ, ಸಿ ಅನ್ನೋದನ್ನ ತಗಸು. ಗ್ರೇಡ್ ಕಾಲಂ ತೆಗೀರಿ ಅಂತ ಇಲಾಖೆಗೆ ಒಂದು ಮನವಿ ಬರಿ. ಮೊದಲನೆ ಸಹಿ ನಂದು.

ಅಕ್ಕೋರು: ಕಾಲಂ ತೆಗೆದ್ರ ಆ ಸಾಲೂ ಹೋಗ್ತೈತಿ, ಸಾಲು ಹೋದ್ರ ಉಳಿದ ಒಂದು ಪೀರಿಯಡ್ಡೂ ಗಣಿತಕ್ಕ ಹೋಗ್ತೈತಿ. ನಾ ಬರೆಯೋದು ಬ್ಯಾರೆ ಮನವಿ: ಒಂದರಿಂದ ಮೂರನೆ ತರಗತಿತನಕ ಅಕ್ಷರದ ಬದಲು ಎರಡು ಸಾಲು ಬರಿಯಾಕ ಜಾಗ ಕೊಡ್ರಿ. ಇದಕ್ಕ ಸಹಿ ಹಾಕ್ತೀರೇನು?

ಗುರುಗಳು: ಒಬ್ಬರ ಶಿಕ್ಷಕಿ, ಮೂರು ತರಗತಿ, ಮೂವತ್ತು ನಲವತ್ತು ಮಕ್ಕಳು. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಜನಗಣತಿ, ಚುನಾವಣಿ. ಒಂದ ಎರಡು ಸಾಲನ್ನ ಎಲ್ಲರಿಗೂ ನಕಲು ಹೊಡೀತಾರ ತಂಗಿ. ಎಲ್ಲರಿಗೂ ಎ ಹಾಕಿದ್ದಕ್ಕ ಅದು ಹೆಂಗ ಬ್ಯಾರೆ ಆಗ್ತೈತಿ?

ಅಕ್ಕೋರು: ನಕಲು ಹೊಡೆಯೋರು ಹೊಡೀತಾರ. ಬರೆಯಬೇಕು ಅನ್ನೋರಿಗೆ ಈಗ ಜಾಗನ ಇಲ್ಲ.

ಇಲ್ಲಿಗೆ ಸಿಂಧನೂರಿನ ಬಸ್ಸು ಬಂದ ಸುದ್ದಿ ಬಂತು, ಅಕ್ಕೋರು ಹೊರಟರು. ಗುರುಗಳು ಸಹಿಯ ಬಗ್ಗೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಶನಿವಾರ ಅಕ್ಕೋರ ಶಾಲೆಗೆ ಬರುವುದಾಗಿ, ಹಲಗೆ ನುಡಿಸುವ ಒಬ್ಬರನ್ನೂ ಜೊತೆಗೆ ಕರೆತರುವುದಾಗಿ ಮಾತ್ರ ಹೇಳಿದರು.

ನನ್ನ ಮನಸ್ಸು ಅಕ್ಕೋರ ಎರಡು ಸಾಲಿನ ಕಡೆಗೇ ವಾಲುತ್ತದೆ. ಕೇಳಿದ್ದನ್ನು ಬರೆದಿಟ್ಟದ್ದರಿಂದಲೇ ಒಂದು ಮಗುವಿನ ಕಿವಿಯ ತೊಂದರೆ ತಿಳಿಯಿತು. ಆದರೆ ಹಲಗೆಯ ಮನೆಯ ಹುಡುಗನ ಬಗ್ಗೆ ಗುರುಗಳು ಹೇಳಿದ್ದನ್ನು ಬದಿಗಿಟ್ಟು ಯಾವ ನಮೂನೆಯನ್ನೂ ಅಚ್ಚು ಹಾಕಿಸಬಾರದು; ಶಾಲೆಯ ಒಳ್ಳೆಯ ಮಾತು ಕೂಡ ನಮ್ಮ ಊರುಗಳಲ್ಲಿ ಜಾತಿಯ ಜಾಡು ಹಿಡಿಯುತ್ತದೆ. ಇನ್ನು ಗ್ರೇಡಿನ ವಿಷಯ: ಏಳು ವರ್ಷದೊಳಗಿನ ಮಗುವಿನ ಹಾಡಿಗೆ 'ಸಿ' ಎಂದು ಬರೆಯುವ ಹಕ್ಕು ಯಾವ ಶಾಲೆಗೂ ಇಲ್ಲ, ಅದರಲ್ಲೂ ಹಾಡು ಕಲಿಸಲು ಒಬ್ಬರನ್ನೂ ನೇಮಿಸದ ವ್ಯವಸ್ಥೆಗೆ ಖಂಡಿತ ಇಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಪಾಲಕರಲ್ಲಿ ಒಂದು ವಿನಂತಿ. ನಿಮ್ಮ ಮಗು ಒಂದು, ಎರಡು, ಮೂರನೆಯ ತರಗತಿಯಲ್ಲಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಗೆ ಹೋಗಿ. ಗ್ರೇಡ್ ಎಷ್ಟು ಬಂತು ಎಂದು ಕೇಳುವ ಮೊದಲು, ಈ ವರ್ಷ ಮಕ್ಕಳು ಶಾಲೆಯಲ್ಲಿ ಯಾವ ಹಾಡು ಕಲಿತರು, ಯಾವ ಆಟ ಆಡಿದರು, ಕಲಾ ಶಿಕ್ಷಣದ ಪೀರಿಯಡ್ ವಾರಕ್ಕೆ ನಿಜವಾಗಿ ಎಷ್ಟು ಸಲ ನಡೆಯಿತು ಎಂದು ಕೇಳಿ. ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.